ಒಂದೇ ಬುಟ್ಟಿಯ ಮರಿಗಳು

"ತ್ವಾಳ ಸಾಕೂದು ಅಪರಾಧ, ಗೊತ್ತೈತಲ್ಲ?" ಅರಣ್ಯಾಧಿಕಾರಿಯ ದನಿ ಗಡುಸಾಗಿತ್ತು.

ಕುರಿಗಾಹಿ ಮಾಳಪ್ಪ ತನ್ನ ಕಾವಲುನಾಯಿ ಕೆಂಚನನ್ನು ತಬ್ಬಿ ಹಿಡಿದ. "ತ್ವಾಳದ ಮರಿ ಅವತ್ತೇ ಕೊಟ್ಟೇನಲ್ರಿ ಸಾಹೇಬ್ರ!"

ನಿಜ. ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಅಡವಿಯಲ್ಲಿ ಸಿಕ್ಕ ತೋಳದ ಮರಿಯನ್ನು ತಂದು, ಮನೆಯ ನಾಯಿಮರಿಯ ಬುಟ್ಟಿಗೇ ಹಾಕಿದ್ದಳು. ಎರಡೂ ಒಂದೇ ಬಣ್ಣ, ಒಂದೇ ಗಾತ್ರ. ಇಲಾಖೆಯವರು ಬಂದಾಗ, ಹಲ್ಲು ಕಿಸಿದು ಗುರುಗುಟ್ಟಿದ ಮರಿಯೇ ತೋಳದ್ದೆಂದು ಮಾಳಪ್ಪನೇ ಅದನ್ನು ಎತ್ತಿಕೊಟ್ಟಿದ್ದ. ಅದು ಮೃಗಾಲಯ ಸೇರಿತ್ತು.

ಪ್ರಯೋಗಾಲಯದ ಡಾಕ್ಟರಮ್ಮ ಕಾಗದ ಬಿಡಿಸಿದರು. "ಹೋದ ತಿಂಗಳು ತಗೊಂಡ ರಕ್ತದಿಂದ ಮೃಗಾಲಯದ್ದು, ನಿಮ್ಮ ಕೆಂಚ ಎರಡರ ಜೀನುಗಳನ್ನೂ ಪೂರ್ತಿ ಓದಿದೀವಿ. ಸಾವಿರಾರು ವರ್ಷ ಮನುಷ್ಯರ ಜೊತೆ ಉಂಡು ಉಂಡು, ಧಾನ್ಯ ಅರಗಿಸೋ ಜೀನು ನಾಯೀಲಿ ಹೆಚ್ಚಾಗಿದೆ. ತೋಳದಲ್ಲಿ ಹಾಗಿಲ್ಲ."

"ನಮ್ಮ ಕೆಂಚ ದಿನಾ ರೊಟ್ಟಿ ತಿಂತೈತ್ರೀ ಅವ್ವಾರ. ಒಂದು ಕುರಿಮರಿಗೂ ಬಾಯಿ ಹಾಕಿಲ್ರಿ."

"ಒಂದು ನಾಯಿ, ಒಂದು ತೋಳ ಅಂತ ಬಂದಿದೆ."

ಮಾಳಪ್ಪನಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ನನ್ನ ನಾಯಿ ನನಗ ಬಿಡ್ರಿ!"

"ಅದಕ್ಕ ಮೃಗಾಲಯದಿಂದ ತಂದೀವಿ," ಎಂದು ಅಧಿಕಾರಿ ಜೀಪಿನ ಕಡೆ ಕೈ ಮಾಡಿದರು. ಅಲ್ಲಿದ್ದ ಬೋನಿನೊಳಗಿಂದ ಒಂದು ಪ್ರಾಣಿ ಹಲ್ಲು ಕಿಸಿದು ಗುರುಗುಟ್ಟಿತು.