ದೀಪ ಕುಗ್ಗಿದ ಸಂಜೆ

"ಇನ್ನೂ ದೀಪ ಕುಗ್ಗಲಿಲ್ಲ ನೋಡು," ಎಂದಳು ಫಿಲೊಮೆನಾ, ಅಡುಗೆಮನೆಯ ಬಲ್ಬಿನಿಂದ ಕಣ್ಣು ಕೀಳದೆ. "ನಿನ್ನಣ್ಣ ಬಂದಿಲ್ಲ."

ಡುವಾರ್ತೆ ಮತ್ತೊಮ್ಮೆ ಗಡಿಯಾರ ನೋಡಿದ. ಒಬ್ಬನೇ ಮೀನಿಗೆ ಹೋಗಿದ್ದ ಅಣ್ಣ ಅನ್ಸೆಲ್ಮೊ ಬೆಳಿಗ್ಗೆಯೇ ಮರಳಬೇಕಿತ್ತು. ಅಟ್ಲಾಂಟಿಕ್ ನಡುವಿನ ಆ ಪುಟ್ಟ ಪೋರ್ಚುಗೀಸ್ ದ್ವೀಪದಲ್ಲಿ ದೋಣಿ ದಡ ಸೇರಿದ ಕೂಡಲೇ ಬಂದರಿನ ಐಸ್ ಯಂತ್ರ ಚಾಲೂ ಆಗುತ್ತಿತ್ತು. ಅದು ಕರೆಂಟನ್ನು ಒಮ್ಮೆಲೇ ಜಗ್ಗಿದರೆ ಊರಿನ ದೀಪಗಳೆಲ್ಲ ಕುಗ್ಗಿ, ಮತ್ತೆ ಏಳುತ್ತಿದ್ದವು. ಹೆಂಗಸರು ಅದನ್ನು ನೋಡಿಯೇ ಒಲೆಗೆ ಬಾಣಲೆ ಇಡುತ್ತಿದ್ದರು.

"ಅತ್ತಿಗೆ, ಎಷ್ಟು ಸಲ ಹೇಳಲಿ? ಈಗ ನಮ್ಮ ಬ್ಯಾಟರಿ ಮನೆ ಇದೆ. ಗಾಳಿ ಬಿದ್ದು ಗಾಳಿಯಂತ್ರ ನಿಲ್ಲಲಿ, ಐಸ್ ಯಂತ್ರ ಜಗ್ಗಲಿ, ಕಣ್ಣು ಮಿಟುಕಿಸೋದ್ರೊಳಗೆ ಕೊರತೆ ತುಂಬಿಬಿಡುತ್ತೆ. ದೀಪಕ್ಕೆ ಗೊತ್ತೇ ಆಗಲ್ಲ."

"ದೊಡ್ಡ ಉಪಕಾರ ಮಾಡಿದ್ರಿ ಕಣಪ್ಪ! ನೀನು ಕಾಯೋ ಆ ಪೆಟ್ಟಿಗೆಗಳು ಬಂದ ಮೇಲೆ, ಗಂಡ ಬಂದ್ರಾ ಇಲ್ವಾ ಅಂತ ಪಕ್ಕದ ಮನೆಯವಳನ್ನ ಕೇಳೋ ಹಾಗಾಯ್ತು."

ಡುವಾರ್ತೆ ಬಂದರಿಗೆ ಫೋನ್ ಮಾಡಿದ. ಯಾರೂ ಎತ್ತಲಿಲ್ಲ.

ಆಗ ದೀಪ ಕುಗ್ಗಿತು. ಹಳೆಯ ಬಲ್ಬು ಮೆಲ್ಲಗೆ ಕೆಂಪಾಗಿ, ಒಂದು ಗಳಿಗೆ ಹಾಗೇ ಇದ್ದು, ಮತ್ತೆ ಬೆಳಗಿತು. ಡುವಾರ್ತೆ ಕಿಟಕಿಗೆ ಓಡಿದ. ಕಿಟಕಿಯಾಚೆ ಬೀದಿಯ ಉಳಿದ ದೀಪಗಳು ಒಂದಿಷ್ಟೂ ಅಲುಗದೆ ಉರಿಯುತ್ತಿದ್ದವು. ಬ್ಯಾಟರಿ ಮನೆಯ ಲೆಕ್ಕವನ್ನು ಫೋನಿನಲ್ಲಿ ತೆರೆದು ನೋಡಿದ. ಕರೆಂಟಿನ ಗೆರೆ ಬಟ್ಟೆ ಒಣಹಾಕುವ ತಂತಿಯ ಹಾಗೆ ನೆಟ್ಟಗಿತ್ತು; ಯಾವ ಯಂತ್ರವೂ ಕರೆಂಟು ಜಗ್ಗಿರಲಿಲ್ಲ.

"ಬಂದ್ರು!" ಫಿಲೊಮೆನಾ ಆಗಲೇ ಬಾಣಲೆ ಇಟ್ಟಿದ್ದಳು. ಮೀನಿಗೆ ಮೆಕ್ಕೆಜೋಳದ ಹಿಟ್ಟು ಸವರುತ್ತಾ ಗುನುಗತೊಡಗಿದಳು. "ಪವಿತ್ರಾತ್ಮ ನಮ್ಮ ಕೈಬಿಡಲಿಲ್ಲ."

ಫೋನು ಬಡಿದುಕೊಂಡಿತು. ಬಂದರಿನ ಕಾವಲುಗಾರ ಸಿಲ್ವಿನೊ.

"ಡುವಾರ್ತೆ, ಗಟ್ಟಿ ಮನಸ್ಸು ಮಾಡ್ಕೋ. ನಿಮ್ಮಣ್ಣನ ದೋಣಿ ಬಂಡೆ ಹತ್ರ ಮಗುಚಿಕೊಂಡಿತ್ತು. ಅವನು ಸಿಕ್ಕಿಲ್ಲ."

"ಐಸ್ ಯಂತ್ರ?" ಬಾಯಿಗೆ ಬಂದದ್ದು ಅದೊಂದೇ.

"ಎಲ್ಲಿಯ ಐಸ್ ಯಂತ್ರ ಮಾರಾಯ? ಇವತ್ತೆಲ್ಲ ಬೀಗ ಹಾಕಿದೆ."

ಡುವಾರ್ತೆ ಫೋನನ್ನು ಕಿವಿಯಿಂದ ಇಳಿಸಿದ. ಇದನ್ನು ಅತ್ತಿಗೆಗೆ ಯಾವ ಬಾಯಲ್ಲಿ ಹೇಳುವುದು? ಅವಳು ತಟ್ಟೆ ಹಾಕುತ್ತಿದ್ದವಳು ಮುಚ್ಚಿದ ಬಾಗಿಲ ಕಡೆ ತಿರುಗಿ ನಕ್ಕಳು.

"ಫೋನು ಆಮೇಲೆ. ಮೊದಲು ಹೋಗಿ ಬಾಗಿಲು ತೆಗಿ. ಪಾಪ, ಪೂರ್ತಿ ನೆನೆದು ನಡುಗ್ತಾ ನಿಂತಿದ್ದಾರೆ."