ಚನ್ನವ್ವನ ಸೋಬಾನ

ಹೊಸ ಕಂಪ್ಯೂಟರು ಮತ್ತೆ ಒಲ್ಲೆ ಎಂದಿತು. ಈ ಪ್ರೋಗ್ರಾಂ ಇಲ್ಲಿ ನಡೆಯುವುದಿಲ್ಲ ಎಂಬ ಚೌಕ ಪರದೆಯ ನಟ್ಟನಡುವೆ ಬಂದು ನಿಂತಿತು. ಸ್ಟುಡಿಯೋದ ಗುರಣ್ಣ ಅದನ್ನು ಒತ್ತಿ ಮುಚ್ಚಿದ. ಹಿಂದಿನ ಕುರ್ಚಿಗಳಲ್ಲಿ ಕೂತ ತಾಯಿ ಮಗಳ ಕಡೆ ತಿರುಗದೆಯೇ, ಇನ್ನೊಂದು ಸ್ವಲ್ಪ ತಡೆಯಿರಿ ಎಂದ.

ಮಗಳು ಸುನಂದಾ ಬಾಗೇವಾಡಿಯ ಗಂಡನ ಮನೆಯಿಂದ ಸಾಲೋಟಗಿಯ ತವರಿಗೆ ಬಂದು, ಅವ್ವನನ್ನು ಕೂಡಿಸಿಕೊಂಡು ಬೆಳಗಿನ ಬಸ್ಸಿಗೇ ಇಂಡಿಗೆ ಇಳಿದಿದ್ದಳು. ಅವ್ವ ಚನ್ನವ್ವನ ಕೊರಳಿಗೆ ಬಿಳಿ ಅರಿವೆ ಸುತ್ತಿತ್ತು. ಗಂಟಲ ಗಂಟಿಗೆ ಆಪರೇಶನ್ ಆಗಿತ್ತು; ಜೀವ ಬಿಟ್ಟುಕೊಟ್ಟ ದೇವರು ಧ್ವನಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಊರಲ್ಲಿ ಯಾರ ಮನೆಯ ಅರಿಶಿಣವಿರಲಿ, ಸೋಬಾನ ಪದ ಎತ್ತಿಕೊಡುತ್ತಿದ್ದವಳು ಅವಳೇ. ಈಗ ಮೊಮ್ಮಗಳು ಭಾಗ್ಯಾಳ ಅರಿಶಿಣ ಹತ್ತಿರ ಬಂದಿತ್ತು. ಅವ್ವನ ಪದ ಕೇಳದೆ ತನ್ನ ಮಗಳ ಮೈಗೆ ಅರಿಶಿಣ ಮುಟ್ಟಬಾರದೆಂದು ಸುನಂದಾ ಹಟ ಹಿಡಿದಿದ್ದಳು. ತನ್ನ ಮದುವೆಯ ಡಿವಿಡಿ ಹಾಕಿ ನೋಡಿದರೆ ಅವ್ವನ ಬಾಯಿ ಆಡುವ ಕಡೆಯೆಲ್ಲ ಸಿನಿಮಾ ಹಾಡು. ಅದರ ಅಡಿಗೆ ಅವ್ವನ ಧ್ವನಿ ಇದ್ದೇ ಇರಬೇಕು, ಮೇಲಿನದನ್ನು ಸುಲಿದು ಕೊಡಿ ಎಂದು ಬಂದಿದ್ದಳು.

ಸುಲಿಯಲು ಬರುವಂತಿತ್ತು. ಗುರಣ್ಣ ಕಂಪ್ಯೂಟರಿನಲ್ಲಿ ಎಡಿಟ್ ಮಾಡಿದ ಮೊದಲ ಮದುವೆ ಅದು. ಜಾಗ ಸಾಲದೆ ಉಳಿದವನ್ನೆಲ್ಲ ಅಳಿಸಿದರೂ ಇದೊಂದನ್ನು ಹಳೆಯ ಡಿಸ್ಕಿನಲ್ಲಿ ಜೋಪಾನ ಮಾಡಿದ್ದ. ಚಿತ್ರ ಒಂದು ಸಾಲಿನಲ್ಲಿ, ಅಸಲು ಧ್ವನಿ ಇನ್ನೊಂದರಲ್ಲಿ, ಸಿನಿಮಾ ಹಾಡು ಮತ್ತೊಂದರಲ್ಲಿ, ಎಲ್ಲ ಬಿಡಿಬಿಡಿಯಾಗಿ ಅದರೊಳಗಿದ್ದವು. ಆದರೆ ಆ ಗಂಟು ಬಿಚ್ಚಲು ಆ ಕಾಲದ ಎಡಿಟಿಂಗ್ ಸಾಫ್ಟ್‌ವೇರೇ ಬೇಕು. ಅದು ಓಡುತ್ತಿದ್ದ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಗಿತ್ತು. ಹೊಸದರ ಸಿಸ್ಟಮ್ಮು ಅದನ್ನು ಹೊಸ್ತಿಲು ದಾಟಲು ಬಿಡಲೊಲ್ಲದು.

ಕಡೆಗೆ ಸಿಂದಗಿಯ ಕಂಪ್ಯೂಟರ್ ರಿಪೇರಿಯ ಇಜಾಜನಿಗೆ ಫೋನು ಹಚ್ಚಿದ. ಇಜಾಜ ಎಲ್ಲ ಕೇಳಿಸಿಕೊಂಡು ನಕ್ಕ.

“ಆ ಹಳೇ ಸಾಫ್ಟ್‌ವೇರಿಗೊಂದು ಸುಳ್ಳ ಹೇಳಬೇಕ್ರಿ ಕಾಕಾ. ನೀ ಇನ್ನೂ ಹಳೇ ಮನ್ಯಾಗ ಅದೀ ಅಂತ ನಂಬಸ್ರಿ. ನಂಬಿತಂದ್ರ ಬಾಯಿ ಬಿಡತೈತಿ.”

ಎಲ್ಲಿ ಒತ್ತಬೇಕು, ಯಾವ ಹಳೆಯ ಸಿಸ್ಟಮ್ಮಿನ ಹೆಸರಿಗೆ ಗುರುತು ಹಾಕಬೇಕು ಎಂದು ಒಂದೊಂದೇ ಹೇಳಿಕೊಟ್ಟ. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಬೂದು ಬಣ್ಣದ ಆ ಹಳೆಯ ಕಿಟಕಿ, ದೊಡ್ಡ ಪರದೆಯ ಮೂಲೆಯಲ್ಲಿ ಮುದುಡಿಕೊಂಡು, ತೆರೆಯಿತು. ಸುನಂದಾ ಅವ್ವನ ಕೈ ಹಿಡಿದುಕೊಂಡಳು.

ಮೊದಲು ಬಂದದ್ದು ಅಕ್ಷತೆಯ ಹೊತ್ತು. ಮಠದ ಅಜ್ಜಾರ ಆಶೀರ್ವಚನ ಅಂಗಡಿಯ ತುಂಬ ಮೊಳಗಿತು. ನಡುನಡುವೆ ಅವರು ಕೆಮ್ಮಿದ್ದು ಸಹ ಸ್ಪಷ್ಟ. ಚನ್ನವ್ವ ಕೂತಲ್ಲೇ ಎರಡೂ ಕೈ ಜೋಡಿಸಿದಳು. ಒಂದಕ್ಷರ ಕೆಟ್ಟಿಲ್ಲ ನೋಡಿ ಎಂದು ಸುನಂದಾಳ ಮುಖ ಅರಳಿತು. ಅರಿಶಿಣದ್ದು ಹಚ್ಚಿ ಎಂದಳು.

ಗುರಣ್ಣ ಹಿಂದಕ್ಕೆ ಅರಿಶಿಣದ ಕಡೆ ಹೋಗಿ ಸಿನಿಮಾ ಹಾಡಿನ ಸಾಲನ್ನು ಅಳಿಸಿದ. ಕೆಳಗೆ ಅಸಲು ಧ್ವನಿಯ ಸಾಲು ಎಳೆದು ಕಟ್ಟಿದ ದಾರದಂತೆ ನೆಟ್ಟಗಿತ್ತು. ವಾಲ್ಯೂಮ್ ಪೂರ್ತಿ ಏರಿಸಿದ. ಕಂಪ್ಯೂಟರಿನ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆಗ ಅವನಿಗೆ ಹೊಳೆಯಿತು. ಕ್ಯಾಮೆರಾಕ್ಕೆ ಸಿಕ್ಕಿಸುತ್ತಿದ್ದ ಮೈಕಿಗೆ ಬೇರೆ ಸೆಲ್ಲು, ಬೇರೆ ಸ್ವಿಚ್ಚು; ಅದು ಆರಿದ್ದರೆ ಕ್ಯಾಮೆರಾ ಕಿವುಡು. ಅಜ್ಜಾರು ಮಾತಾಡುವಾಗ, ಅಕ್ಷತೆ ಬೀಳುವಾಗ ಸ್ವಿಚ್ ಹಾಕುವುದು, ಹೆಂಗಸರ ಪದಕ್ಕೆ ತೆಗೆದುಬಿಡುವುದು. ಹೇಗೂ ಸಿನಿಮಾ ಹಾಡು ಬರುತ್ತದೆ, ಸೆಲ್ಲಾದರೂ ಉಳಿಯಲಿ. ಈ ಭಾಗದ ವಿಡಿಯೋದವರೆಲ್ಲ ಹಾಗೇ ಮಾಡುತ್ತಿದ್ದರು.

“ಹೊಸಾ ಸಿಸ್ಟಮ್ ನೋಡ್ರಿ,” ಎಂದ ಅವನು, ಮೌಸಿನ ಮೇಲೆ ಕಣ್ಣಿಟ್ಟು. “ಹಳೇ ಧ್ವನಿ ಹಿಡಿಯಂಗಿಲ್ಲ ಅದು.”

“ಅಜ್ಜಾರ ಧ್ವನಿ ಹಿಡೀತಲ್ರಿ ಅಣ್ಣಾರ.”

ಪರದೆಯ ಮೇಲೆ ಚಿತ್ರ ತನ್ನ ಪಾಡಿಗೆ ಓಡುತ್ತಿತ್ತು. ಮುಖದ ತುಂಬ ಅರಿಶಿಣ ಹಚ್ಚಿಕೊಂಡ ಮದುಮಗಳು ಕ್ಯಾಮೆರಾದ ಕಡೆ ಕೈ ಮಾಡಿ ಕರೆದಳು, ಮುಂದೆ ಬಾಗಿದಳು, ತುಟಿಯಲ್ಲೇ ಏನೋ ಹೇಳಿದಳು. ಧ್ವನಿ ಇರಲಿಲ್ಲವಾದರೂ ಅಂದಿನ ಆ ಮಾತು ಗುರಣ್ಣನಿಗೆ ಕೇಳಿಸಿತು: ಈ ಹಳ್ಳಿ ಪದಾ ಇಡಬ್ಯಾಡ್ರಿ, ಬೀಗರು ಪ್ಯಾಟಿ ಮಂದಿ, ನಗ್ತಾರ. ಹಿಂದಿನ ಕುರ್ಚಿಯಲ್ಲಿದ್ದ ಸುನಂದಾಳಿಗೂ ಕೇಳಿಸಿರಬೇಕು. ಅವಳು ಬಾಯಿಗೆ ಸೆರಗು ಹಿಡಿದಳು.

ಚನ್ನವ್ವ ಇಬ್ಬರನ್ನೂ ನೋಡುತ್ತಿರಲಿಲ್ಲ. ಪರದೆಯ ಮೇಲಿನ ತನ್ನ ಬಾಯಿಯ ಜೊತೆಗೆ ಅವಳ ತುಟಿಗಳೂ ಆಡತೊಡಗಿದ್ದವು, ಒಂದಕ್ಷರವೂ ಹಿಂದೆ ಬೀಳದಂತೆ. ನುಡಿ ಮುಗಿಯಿತು. ಅಲ್ಲಿ ಸುತ್ತ ಕೂತ ಹೆಂಗಸರೆಲ್ಲ ನುಡಿನುಡಿಗೂ ಮರಳಿ ಬರುವ ಸೊಲ್ಲು ಎತ್ತಿಕೊಳ್ಳಲು ಬಾಯಿ ತೆರೆದರು. ಇಲ್ಲಿ ಚನ್ನವ್ವ ಎಂದಿನಂತೆ ತಡೆದು ನಿಂತು, ಮಗಳ ಕಡೆ ತಿರುಗಿ, ಇನ್ನು ನೀ ಹಾಡು ಎಂಬಂತೆ ಗದ್ದ ಎತ್ತಿದಳು.

ಸುನಂದಾಳಿಗೆ ಆ ಪದ ಬರುತ್ತಿರಲಿಲ್ಲ.