ಹೇಳಬ್ಯಾಡ ಅಂದ ಮಾತು

“ಒಳಗ ಹೋದಕೂಡ್ಲೆ ನಮಸ್ಕಾರ ಮಾಡು. ನೆಲ ನೋಡಬ್ಯಾಡ, ಮಾರಿ ನೋಡಿ ಮಾತಾಡು. ಕೇಳಿದ್ದಕ್ಕಷ್ಟೇ ಜವಾಬು ಕೊಡು. ತಾಂಡಾದಾಕಿ ಅಂತ ಮಾತ್ರ ಹೇಳಬ್ಯಾಡ” ಎಂದು ನರ್ಸ್ ಗೌಸಿಯಾಬೇಗಂ ಗಂಗಾಬಾಯಿಯ ಸೆರಗು ಸರಿಪಡಿಸಿದಳು.

ನಿಜಾಮರ ಆಡಳಿತ ಮುಗಿದು ಹೊಸ ಸರಕಾರ ಬಂದಿತ್ತು. ಆಳಂದದ ದವಾಖಾನೆಗೆ ಆಯಾ ಬೇಕಾಗಿದ್ದಳು. ಕಿಣ್ಣಿ ಸುಲ್ತಾನದ ಹತ್ತಿರದ ಲಂಬಾಣಿ ತಾಂಡಾದಿಂದ ದಿನಾ ಕಟ್ಟಿಗೆ ಹೊರೆ ತರುತ್ತಿದ್ದ ಗಂಗಾಬಾಯಿಗೆ ಆ ಸುದ್ದಿ ಮುಟ್ಟಿಸಿದವಳು, ಕನ್ನಡಿ ಹೊಲಿದ ಲಂಗ ಬಿಡಿಸಿ ತನ್ನ ಸೀರೆ ಉಡಿಸಿದವಳು ಗೌಸಿಯಾಬೇಗಂಳೇ.

“ಯಾಕ್ರಿ ಬಾಯಿ, ನಮ್ಮವ್ರೇನು ಕಳ್ಳರೇನ್ರಿ?”

“ಅಲ್ಲ ಬೇ. ದಿನಮಾನ ಹಂಗದಾವ. ನಾನೂ ಬಜಾರದಾಗ ಹೆಸರು ಹೇಳದೇ ಅಡ್ಡಾಡಾಕತ್ತೇನಿ.” ಅವಳ ದನಿ ತಗ್ಗಿತ್ತು.

ಒಳಗೆ ಡಾಕ್ಟರ್ ಜಯತೀರ್ಥರು ತಲೆ ಎತ್ತಿದರು.

“ಯಾವೂರು?”

“ಕಿಣ್ಣಿ ಸುಲ್ತಾನ್ರಿ.”

“ಏನೇನು ಕೆಲಸ ಬರ್ತದ?”

“ಬಾಣಂತನ ಮಾಡೇನ್ರಿ. ಎಷ್ಟು ದೂರ ಅಂದ್ರೂ ನಡೀತೇನ್ರಿ.”

ಡಾಕ್ಟರು ಬೇಸರದಿಂದ ಕನ್ನಡಕ ತೆಗೆದರು. “ಊರಾಗಿನ ಕೆಲಸಕ್ಕ ಮಂದಿ ಸಿಗ್ತಾರವ್ವ. ಸಿಡುಬು ಬರದಂಗ ದೇವಿ ಹಾಕಾಕ ತಾಂಡಾಕ್ಕ ಹೋಗೋರು ನನಗ ಬೇಕು. ನಮ್ಮನ್ನ ಕಂಡ್ರ ಅವರು ಕೂಸುಗಳನ್ನ ಮುಚ್ಚಿಡ್ತಾರ. ನಿನಗೂ ಅಲ್ಲಿ ಬಳಕಿ ಇರಂಗಿಲ್ಲ. ಹೋಗಿ ಬಾ.”

ಗಂಗಾಬಾಯಿ ಹೊಸ್ತಿಲವರೆಗೆ ಬಂದಳು. ಹೊರಗಿನಿಂದ ಗೌಸಿಯಾಬೇಗಂ ಏನಾಯಿತೆಂದು ಕಣ್ಣಲ್ಲೇ ಕೇಳಿದಳು. ಗಂಗಾಬಾಯಿ ಸರ್ರನೆ ಹಿಂತಿರುಗಿದಳು.

“ಸಾಹೇಬ್ರ, ನಾ ತಾಂಡಾದಾಕೀನೇ. ಲಂಬಾಣ್ಯಾಕಿ. ದೇವಿ ಹಾಕೋರು ಬಂದಾಗ ನಮ್ಮವ್ವ ನನ್ನ ತಮ್ಮನ್ನ ಜ್ವಾಳದ ಕಣಕಿ ಬಣವ್ಯಾಗ ಮುಚ್ಚಿಟ್ಟಿದ್ಳು. ಮುಂದ ಬ್ಯಾಸಗ್ಯಾಗ ಸಿಡುಬಾಗಿ ಹ್ವಾದ. ಅದನ್ನ ನಮ್ಮ ಮಾತಿನಾಗ ನಾ ಹೇಳಿದ್ರ ಅವ್ವಂದಿರು ಕೇಳ್ತಾರ್ರಿ.”

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. “ಮತ್ತ ಮೊದಲ ಯಾಕ ಹೇಳ್ಲಿಲ್ಲ?”

ಬಾಗಿಲಲ್ಲಿ ಗೌಸಿಯಾಬೇಗಂ ನಿಂತಿದ್ದಳು. ಗಂಗಾಬಾಯಿ ಆ ಕಡೆ ನೋಡಲಿಲ್ಲ.

“ನೀವು ಊರು ಕೇಳಿದ್ರಿ. ತಾಂಡಾ ಕೇಳ್ಲಿಲ್ರಿ.”

ಡಾಕ್ಟರು ಗೊಳ್ಳನೆ ನಕ್ಕು, ಗಾಡಿ ಹೂಡಲು ಕೂಗಿ ಹೇಳಿದರು. ನೌಕರಿ ಆಗಲೇ ಶುರುವಾಗಿತ್ತು.

ಎತ್ತಿನ ಗಾಡಿ ಗಂಗಾಬಾಯಿಯ ತಾಂಡಾ ಮುಟ್ಟುವಷ್ಟರಲ್ಲಿ ಗುಡಿಸಲುಗಳ ಬಾಗಿಲು ಒಂದೊಂದಾಗಿ ಮುಚ್ಚತೊಡಗಿದವು. ಗಾಡಿ ನಿಲ್ಲುವ ಮೊದಲೇ ಅವಳು ಔಷಧದ ಪೆಟ್ಟಿಗೆಯೊಂದಿಗೆ ಕೆಳಗೆ ಜಿಗಿದಳು. ಬಾಗಿಲು ಬಾಗಿಲಿಗೂ ಓಡಿ, ಒಬ್ಬೊಬ್ಬರ ಹೆಸರು ಹಿಡಿದು, ಲಂಬಾಣಿ ಮಾತಿನಲ್ಲಿ ಕೂಗಿದಳು. ತಮ್ಮನ ಕಥೆ ನೆನಪಿಸಿದಳು. ಒಂದು ಬಾಗಿಲು ತೆರೆಯಿತು, ಆಮೇಲೆ ಇನ್ನೊಂದು. ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಹೊರಗೆ ಬಂದರು.

ಅವರ ಹಿಂದಿನಿಂದ ಒಬ್ಬ ಮುದುಕಿ ಕೋಲೂರುತ್ತ ಬಂದು, ಪೆಟ್ಟಿಗೆಯ ಮೇಲಿನ ಸರಕಾರಿ ಮುದ್ರೆ ಸವರಿ ನೋಡಿ, ತನ್ನ ಭಾಷೆಯಲ್ಲೇ ಕೇಳಿದಳು:

“ಸರಕಾರಕ್ಕ ನಮ್ಮ ಮಾತು ಯಾವಾಗಿಂದ ಬರಾಕತ್ತದ?”